ಮಣ್ಣು ಮಾರುವಾಗ ಯಾರನ್ನು ಕೇಳಬೇಕು?

ಜಮೀನು ಮಾರುವವನು ಯಾರ ಯಾರ ಒಪ್ಪಿಗೆ ಪಡೆಯಬೇಕು ಎಂಬ ಪ್ರಶ್ನೆಗೆ ಭಾರತದಲ್ಲಿ ಬಹುಕಾಲ ಬಾಳಿದ ಉತ್ತರವನ್ನು ಬರೆದದ್ದು ಕನ್ನಡದ ನೆಲದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದು ಬಸವಕಲ್ಯಾಣವೆಂದು ಕರೆಯುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ರಚಿಸಿದ. ಬಂಗಾಳ ಮತ್ತು ಅಸ್ಸಾಮಿನ ಕಡೆ ಬಿಟ್ಟರೆ ದೇಶದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ವಿವಾದಗಳು ಮುಂದಿನ ಎಂಟುನೂರು ವರ್ಷ ಈ ಗ್ರಂಥದ ನೆರಳಿನಲ್ಲೇ ತೀರ್ಮಾನವಾದವು. ಭೂಮಿ ಕೈ ಬದಲಾಯಿಸಲು ಆರು ಸಂಗತಿಗಳು ಕೂಡಿಬರಬೇಕೆಂಬ ಹಳೆಯ ಸ್ಮೃತಿವಾಕ್ಯವೊಂದನ್ನು ವಿಜ್ಞಾನೇಶ್ವರ ಎತ್ತಿಕೊಳ್ಳುತ್ತಾನೆ: ಊರಿನವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ನೆರೆಹೊಲದವರ ಒಪ್ಪಿಗೆ, ದಾಯಾದಿಗಳ ಒಪ್ಪಿಗೆ, ಜತೆಗೆ ಚಿನ್ನ ಮತ್ತು ನೀರನ್ನು ಧಾರೆಯೆರೆಯುವುದು. ಆಮೇಲೆ ಒಂದೊಂದಕ್ಕೂ ಕಾರಣ ಹೇಳುತ್ತಾನೆ. ಊರಿನವರನ್ನು ಕೇಳುವುದು ವ್ಯವಹಾರ ಬಹಿರಂಗವಾಗಲಿ ಎಂದು. ಊರು ಬೇಡವೆಂದರೆ ಮಾರಾಟ ಬಿದ್ದುಹೋಗುತ್ತದೆ ಎಂದೇನಲ್ಲ. ನೆರೆಹೊಲದವರನ್ನು ಕೇಳುವುದು ನಾಳೆ ಎಲ್ಲೆಯ ಜಗಳ ಬಾರದಿರಲಿ ಎಂದು. ಪಾಲಾಗಿ ಬೇರೆ ಹೋದ ಬಂಧುಗಳನ್ನು ಕೇಳುವುದು, ಇವರು ನಿಜಕ್ಕೂ ಬೇರೆಯಾಗಿದ್ದಾರೆಯೇ ಇಲ್ಲವೇ ಎಂಬ ಶಂಕೆ ಮುಂದೆ ಹುಟ್ಟದಿರಲಿ ಎಂದು. ಇನ್ನೂ ಒಟ್ಟಿಗಿರುವವರ ವಿಷಯ ಹಾಗಲ್ಲ. ಆಸ್ತಿ ಎಲ್ಲರದ್ದು, ಒಬ್ಬನಿಗೆ ಮಾರುವ ಅಧಿಕಾರವೇ ಇಲ್ಲ. ಅಲ್ಲಿ ಒಪ್ಪಿಗೆ ಇಲ್ಲದೆ ವ್ಯವಹಾರವೇ ಇಲ್ಲ.

ಒಂಬೈನೂರು ವರ್ಷದ ಹಿಂದೆ ಈ ಪಂಡಿತ ಒಪ್ಪಿಗೆಯನ್ನು ಹೀಗೆ ಎರಡಾಗಿ ಬಿಡಿಸಿದ್ದ. ಮೊದಲನೆಯದು ಹಕ್ಕಿನಿಂದ ಬರುವ ಒಪ್ಪಿಗೆ, ಪಾಲುದಾರನದು. ಎರಡನೆಯದು ಬೆಳಕಿಗಾಗಿ ಬೇಕಾದ ಒಪ್ಪಿಗೆ, ಊರಿನದು. ನನ್ನ ವಾದ ನಿಂತಿರುವುದು ಈ ಭೇದದ ಮೇಲೆ. ಕರ್ನಾಟಕದ ಭೂಮಿಯ ಚರಿತ್ರೆಯನ್ನು ಕಾನೂನಿನ ಕಡೆಯಿಂದ ಓದುತ್ತ ಬಂದರೆ, ಕೇಳಿಸಿಕೊಳ್ಳಬೇಕಾದವರ ವಲಯ ಕಾಲದಿಂದ ಕಾಲಕ್ಕೆ ಹಿಗ್ಗಿದೆ. ಮಗಳು ಸೇರಿದ್ದಾಳೆ, ಅಪ್ರಾಪ್ತ ಮಗುವಿನ ಪರವಾಗಿ ನ್ಯಾಯಾಲಯ ಸೇರಿದೆ, ದಲಿತರ ಮಂಜೂರಾತಿ ಜಮೀನಿನ ಕಾವಲಿಗೆ ಸರ್ಕಾರ ಸೇರಿದೆ. ಆದರೆ ಕೇಳುವ ಜಾಗ ಅಷ್ಟೇ ಕಿರಿದಾಗುತ್ತ ಬಂದಿದೆ. ಊರ ಮುಂದೆ ನಡೆಯುತ್ತಿದ್ದದ್ದು ಕಚೇರಿಯ ಮೇಜಿನ ಮೇಲೆ ರುಜುವಾಗಿ, ಹೆಬ್ಬೆಟ್ಟಾಗಿ ಮುಗಿಯುತ್ತದೆ. ಹಕ್ಕಿನ ಒಪ್ಪಿಗೆಯನ್ನು ನಾವು ಗಳಿಸಿಕೊಂಡೆವು, ಬೆಳಕಿನ ಒಪ್ಪಿಗೆಯನ್ನು ಕಳೆದುಕೊಂಡೆವು. ಎರಡನೆಯದು ಹೋದ ಮೇಲೆ ಮೊದಲನೆಯದಕ್ಕೂ ಬಲ ಉಳಿಯುವುದಿಲ್ಲ.

ಮಿತಾಕ್ಷರೆ ಪಂಡಿತರ ಪುಸ್ತಕ, ಊರುಗಳಲ್ಲಿ ಅದು ನಡೆಯುತ್ತಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಶಾಸನಗಳಿವೆ. ಕನ್ನಡ ದಾನಶಾಸನ, ಕ್ರಯಶಾಸನಗಳಲ್ಲಿ ಧಾರಾಪೂರ್ವಕವಾಗಿ ಕೊಟ್ಟೆವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮಹಾಜನರು, ಗಾವುಂಡರು, ನಕರದ ವರ್ತಕರು ಸಾಕ್ಷಿಗಳಾಗಿ, ಒಪ್ಪಿದವರಾಗಿ ನಿಲ್ಲುತ್ತಾರೆ. ನಾಲ್ಕು ದಿಕ್ಕಿನ ಎಲ್ಲೆಯನ್ನು ಮರ, ಕೆರೆ, ಬಂಡೆಗಳ ಗುರುತು ಹಿಡಿದು ಹೇಳುತ್ತಾರೆ. ಅಕ್ಷರ ಬಾರದವನಿಗೂ ತಿಳಿಯಲೆಂದು ಎಲ್ಲೆಗೆ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನಿಲ್ಲಿಸುತ್ತಾರೆ. ವಿಜಯನಗರ ಕಾಲದ ಕ್ರಯಪತ್ರಗಳಲ್ಲಿ ಮಾರುವವನು ಹೆಂಡತಿ, ಮಕ್ಕಳು, ಜ್ಞಾತಿಗಳು, ಸಾಮಂತರು (ಅಂದರೆ ನೆರೆಹೊಲದವರು), ದಾಯಾದಿಗಳು ಇವರೆಲ್ಲರ ಅನುಮತಿಯನ್ನು ಮುಂದಿಟ್ಟುಕೊಂಡು ಮಾರಿದ್ದೇನೆಂದು ಹೇಳುವ ಪಾಠವೇ ಒಂದು ಪದ್ಧತಿಯಾಗಿ ನೆಲೆಗೊಂಡಿತ್ತು. ಸ್ಮೃತಿಯ ಆ ಪಟ್ಟಿಯಲ್ಲಿ ಹೆಂಡತಿ ಇರಲಿಲ್ಲ. ಕಲ್ಲಿನ ಮೇಲೆ ಅವಳೇ ಮೊದಲು ಬರುತ್ತಾಳೆ. ಇದನ್ನು ಹಿಡಿದು ಅಂದಿನ ಹೆಂಗಸರಿಗೆ ಭೂಮಿಯ ಮೇಲೆ ಸಮಾನ ಹಕ್ಕಿತ್ತೆಂದು ಹೇಳುವುದು ಅತಿಯಾಗುತ್ತದೆ. ಅವಳು ಮುಂದೆ ತಕರಾರು ತೆಗೆಯಬಹುದೆಂಬ ಎಚ್ಚರ ಕೊಳ್ಳುವವನಿಗಿತ್ತು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಅದೂ ಸಣ್ಣ ಸಂಗತಿಯಲ್ಲ.

ಇಲ್ಲಿ ಏಳುವ ಆಕ್ಷೇಪ ಗಂಭೀರವಾದದ್ದು. ಊರು ಎಂದರೆ ಯಾರು? ಹೊಲದಲ್ಲಿ ಬೆವರು ಹರಿಸಿದ ಹೊಲೆಯ ಮಾದಿಗರು ಆ ಮಹಾಜನರ ಸಭೆಯಲ್ಲಿ ಕೂರಲಿಲ್ಲ. ಊರೊಪ್ಪಿಗೆಯ ಹೆಸರಿನಲ್ಲಿ ಅವರು ಭೂಮಿ ಕೊಳ್ಳದಂತೆ ತಡೆಯಲೂ ಸಾಧ್ಯವಿತ್ತು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳೆಯ ಊರಸಭೆಯನ್ನು ಮರಳಿ ತರಬೇಕೆಂಬುದು ನನ್ನ ಆಸೆಯಲ್ಲ. ವಿಜ್ಞಾನೇಶ್ವರ ಊರಿಗೆ ತಡೆಯುವ ಅಧಿಕಾರ ಕೊಡದೆ, ತಿಳಿದುಕೊಳ್ಳುವ ಅಧಿಕಾರವನ್ನು ಮಾತ್ರ ಕೊಟ್ಟದ್ದೇ ಅವನ ವ್ಯಾಖ್ಯಾನದ ಹಿರಿಮೆ. ಆ ಊರಿನಿಂದ ಹೊರಗಿಟ್ಟವರನ್ನು ಒಳಗೆ ತಂದು, ಬಯಲನ್ನು ಬಯಲಾಗಿಯೇ ಉಳಿಸಿಕೊಳ್ಳುವುದು ನಂತರದವರ ಕೆಲಸವಾಗಬೇಕಿತ್ತು. ಆದದ್ದು ಬೇರೆ.

ಕರಾವಳಿಯ ಕಥೆಯನ್ನು ಬಿಡುವಂತಿಲ್ಲ. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮನೆತನಕ್ಕೆ ಯಜಮಾನನೋ ಯಜಮಾನ್ತಿಯೋ ಇದ್ದರೂ ಕುಟುಂಬದ ಅವಶ್ಯಕತೆಯಿಲ್ಲದೆ, ಉಳಿದವರ ಸಮ್ಮತಿಯಿಲ್ಲದೆ ಭೂಮಿ ಮಾರುವಂತಿರಲಿಲ್ಲ. ಪಾಲು ಮಾಡಿಕೊಡಿ ಎಂದು ಒಬ್ಬರೇ ಹಟ ಹಿಡಿಯುವಂತಿಲ್ಲ, ಎಲ್ಲರೂ ಒಪ್ಪಿದರೆ ಮಾತ್ರ ಪಾಲು ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಮದ್ರಾಸ್ ಹೈಕೋರ್ಟ್ ಸಾರಿತು. ಈ ಬಿಗಿ ಸಡಿಲವಾದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ. ಎಲ್ಲರ ಒಪ್ಪಿಗೆ ಬೇಕೆಂಬ ಕಟ್ಟು ಭೂಮಿಯನ್ನು ತಲೆಮಾರುಗಳವರೆಗೆ ಕಾಯಬಲ್ಲದು. ಹಾಗೆಯೇ ಹೊರಬರಲು ಬಯಸುವ ಬಡ ಸದಸ್ಯನನ್ನು ತಲೆಮಾರುಗಳವರೆಗೆ ಕಟ್ಟಿಹಾಕಲೂ ಬಲ್ಲದು. ಒಪ್ಪಿಗೆಯನ್ನು ಹೊಗಳುವವರು ಈ ಎರಡನೆಯ ಮುಖವನ್ನೂ ನೋಡಬೇಕು.

ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರೆಯನ್ನು ಪುರಸ್ಕರಿಸಿದವು, ಆದರೆ ಎಲ್ಲ ಕಡೆ ಒಂದೇ ಬಗೆಯಲ್ಲಿ ಅಲ್ಲ. ಅವಿಭಕ್ತ ಕುಟುಂಬದ ಒಬ್ಬ ಪಾಲುದಾರ ಉಳಿದವರನ್ನು ಕೇಳದೆ ತನ್ನ ಪಾಲನ್ನು ಬೆಲೆಗೆ ಮಾರಬಹುದೆಂದು ಮುಂಬಯಿ ಮತ್ತು ಮದ್ರಾಸಿನ ನ್ಯಾಯಾಲಯಗಳು ಒಪ್ಪಿದವು. ಉತ್ತರ ಭಾರತದಲ್ಲಿ ಅದೇ ಮಿತಾಕ್ಷರೆಯನ್ನು ಹಿಡಿದು, ಉಳಿದವರ ಸಮ್ಮತಿ ಇಲ್ಲದೆ ಹಾಗೆ ಮಾರಲಾಗದು ಎಂದು ತೀರ್ಪಾಗುತ್ತಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿಗೆ ಸೇರಿದ್ದವು. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ಅಂದರೆ ವಿಜ್ಞಾನೇಶ್ವರನ ನೆರೆಯ ನೆಲದಲ್ಲೇ ಅವನ ಮಾತು ಹೆಚ್ಚು ಸಡಿಲವಾಯಿತು. ಹಣ ಕೊಟ್ಟು ಕೊಂಡವನಿಗೆ ಅನ್ಯಾಯವಾಗಬಾರದೆಂಬುದು ನ್ಯಾಯಾಧೀಶರ ತರ್ಕ. ಅದು ಪೊಳ್ಳು ತರ್ಕವೇನೂ ಅಲ್ಲ. ಆದರೆ ಸಾಲದ ಊರುಗಳಲ್ಲಿ ಕೊಳ್ಳುವವನು ಹೆಚ್ಚಾಗಿ ಸಾಹುಕಾರನೇ ಆಗಿರುತ್ತಿದ್ದ, ಮಾರುವವನು ಅವನ ಋಣದಲ್ಲೇ ಇರುತ್ತಿದ್ದ. ಕುಟುಂಬದ ಯಜಮಾನ ಇತರರನ್ನು ಕೇಳದೆ ಮಾರಬಹುದಾದ ಸಂದರ್ಭಗಳನ್ನು ವಿಜ್ಞಾನೇಶ್ವರನೂ ಬಲ್ಲವನಾಗಿದ್ದ: ಆಪತ್ತು, ಕುಟುಂಬದ ಪೋಷಣೆ, ಅನಿವಾರ್ಯವಾದ ಧರ್ಮಕಾರ್ಯ. 1856ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದಕ್ಕೆ ಹೊಸ ರೂಪ ಕೊಟ್ಟು, ಅಪ್ರಾಪ್ತನ ಆಸ್ತಿಯನ್ನು ಅಡವಿಡುವಾಗ ನಿಜವಾದ ಅಗತ್ಯವಿತ್ತೇ ಎಂದು ಸಾಲ ಕೊಟ್ಟವನು ವಿಚಾರಿಸಿ ತಿಳಿದಿರಬೇಕು ಎಂದಿತು. ಕುಟುಂಬದ ಅಗತ್ಯಕ್ಕಾಗಿ ಎಂಬ ಮಾತು ನಮ್ಮ ಕ್ರಯಪತ್ರಗಳಲ್ಲಿ ಇಂದಿಗೂ ತಪ್ಪದೆ ಬರುವುದು ಈ ಜಾಡಿನಿಂದ.

ಅದೇ ಕಾಲಕ್ಕೆ ಬೆಳಕಿನ ಒಪ್ಪಿಗೆಯ ಸ್ಥಾನದಲ್ಲಿ ನೋಂದಣಿ ಬಂದು ಕೂತಿತು. 1864ರಲ್ಲಿ ದಸ್ತಾವೇಜುಗಳ ಕಡ್ಡಾಯ ನೋಂದಣಿಯ ಮೊದಲ ಕಾಯಿದೆ, 1882ರಲ್ಲಿ ಸ್ವತ್ತು ವರ್ಗಾವಣೆ ಕಾಯಿದೆ, ಕೊನೆಗೆ ಇಂದಿಗೂ ನಡೆಯುತ್ತಿರುವ 1908ರ ನೋಂದಣಿ ಕಾಯಿದೆ. ನೋಂದಣಿಯಿಂದ ಮೋಸದ ಪತ್ರಗಳಿಗೆ ದೊಡ್ಡ ತಡೆಯಾಯಿತು; ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಪತ್ರ ಬರೆದುಕೊಟ್ಟವನು ಇವನೇ ಹೌದೇ, ಬರೆದುಕೊಟ್ಟದ್ದು ನಿಜವೇ ಎಂಬುದನ್ನು ನೋಡುವುದು ಉಪನೋಂದಣಾಧಿಕಾರಿಯ ಕೆಲಸ. ಮನೆಯಲ್ಲಿ ಇನ್ನು ಯಾರನ್ನು ಕೇಳಬೇಕಿತ್ತು ಎಂಬುದು ಅವನ ವಿಚಾರಣೆಗೆ ಬರುವುದಿಲ್ಲ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ ಇರಬಾರದು ಎಂದು 1872ರ ಕರಾರು ಕಾಯಿದೆ ಚೆನ್ನಾಗಿಯೇ ಹೇಳಿತು. ಅದನ್ನು ಪರೀಕ್ಷಿಸುವುದು ಮಾತ್ರ ಮಾರಾಟದ ದಿನವಲ್ಲ, ವರ್ಷಗಳ ನಂತರ ಮೊಕದ್ದಮೆ ಹೂಡಿದಾಗ. ಪತ್ರಕ್ಕೆ ಸಾಕ್ಷಿ ಹಾಕಿದ ಮಾತ್ರಕ್ಕೆ ಒಳಗೆ ಬರೆದದ್ದಕ್ಕೆ ಒಪ್ಪಿದಂತಾಗುವುದಿಲ್ಲ ಎಂದೂ ಪ್ರಿವಿ ಕೌನ್ಸಿಲ್ ಹೇಳಿತು. ಈಗಿನ ಪತ್ರಬರಹಗಾರರು ಮಗನನ್ನೋ ಮಗಳನ್ನೋ ಬರಿಯ ಸಾಕ್ಷಿಯೆಂದು ಬಿಡದೆ ‘ಒಪ್ಪಿಗೆ ಸಾಕ್ಷಿ’ ಎಂದು ಬರೆಸುವುದು ಅದಕ್ಕಾಗಿ.

ಈಗ ಈ ಚರಿತ್ರೆಯ ಅತಿ ದೊಡ್ಡ ತಿರುವಿಗೆ ಬರೋಣ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಕಾನೂನಿನ ಮಹಿಳಾ ಹಕ್ಕುಗಳ ಕಾಯಿದೆಯನ್ನು ತಂದಿತು. ಗಂಡಸರು ಪಾಲಾಗುವಾಗ ಮನೆಯ ವಿಧವೆ, ತಾಯಿ, ಮದುವೆಯಾಗದ ಮಗಳು, ತಂಗಿಗೂ ಒಂದು ಪಾಲು ಕೊಡಬೇಕೆಂಬ ನಿಯಮ ಅದರಲ್ಲಿತ್ತು. ಆ ಪಾಲು ಗಂಡಸಿನ ಪಾಲಿಗಿಂತ ಸಣ್ಣದು ನಿಜ, ಆದರೂ ಸ್ವಾತಂತ್ರ್ಯಪೂರ್ವದ ಭಾರತದಲ್ಲಿ ಅಷ್ಟು ದೂರ ನಡೆದ ಕಾನೂನು ವಿರಳ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಒಡೆತನ ಕೊಟ್ಟಿತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಬಿಟ್ಟಿತು. ಆ ಬಾಗಿಲನ್ನೂ ಕರ್ನಾಟಕ ದೇಶಕ್ಕಿಂತ ಮೊದಲೇ ತೆರೆಯಿತು: 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯ ತಿದ್ದುಪಡಿ ಮಗಳನ್ನು ಮಗನಂತೆಯೇ ಸಹಪಾಲುದಾರಳನ್ನಾಗಿ ಮಾಡಿತು. ಅಷ್ಟರಲ್ಲಿ ಮದುವೆಯಾಗಿದ್ದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ ಹದಿನೈದು ವರ್ಷ ನಡೆದು, 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಇದ್ದರೂ ಇಲ್ಲದಿದ್ದರೂ ಅದು ಇದೆ ಎಂದು ತೀರ್ಮಾನಿಸಿತು. ಬಾಯಿಮಾತಿನಲ್ಲಿ ಹಿಂದೆಯೇ ಪಾಲಾಗಿತ್ತು ಎಂಬ ಸಬೂಬನ್ನು ಸುಲಭವಾಗಿ ಒಪ್ಪಬಾರದೆಂದೂ ಎಚ್ಚರಿಸಿತು.

ಇಷ್ಟೆಲ್ಲ ಆದ ಮೇಲೆ ಊರೂರಿನಲ್ಲಿ ಏನಾಯಿತು? ಮಗಳ ರುಜುವಿಗೆ ಬೆಲೆ ಬಂತು, ಮಗಳ ಮಾತಿಗೆ ಬರಲಿಲ್ಲ. ಕೊಳ್ಳುವವನ ವಕೀಲ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಣ್ಣುಮಗಳ ಸಹಿ ಆಗಬೇಕೆನ್ನುತ್ತಾನೆ, ಏಕೆಂದರೆ ಅವಳನ್ನು ಬಿಟ್ಟು ಮಾಡಿದ ಕ್ರಯ ಅವಳ ಪಾಲಿಗೆ ತಾಗುವುದಿಲ್ಲ. ಅಣ್ಣತಮ್ಮಂದಿರು ಹಬ್ಬಕ್ಕೋ ಜಾತ್ರೆಗೋ ಕರೆಸಿಕೊಂಡು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ಬೇಡವೆಂದರೆ ತವರಿನ ಬಾಗಿಲು ಮುಚ್ಚುತ್ತದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅವಳಿಗೆ ಗೊತ್ತಿರುತ್ತದೆ. ತನ್ನ ಪಾಲು ಎಷ್ಟು ಗುಂಟೆ, ಅದರ ಇಂದಿನ ಬೆಲೆ ಎಷ್ಟು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಮಗಳ ಹಕ್ಕಿಗಾಗಿ ಬಂದ ಒಪ್ಪಿಗೆ ಹೀಗೆ ಕೊಳ್ಳುವವನ ಭದ್ರತೆಯಾಗಿ ಕೆಲಸ ಮಾಡುತ್ತಿದೆ. ಸ್ವಇಚ್ಛೆಯಿಂದ ಬಿಟ್ಟುಕೊಡುವ ಅಕ್ಕತಂಗಿಯರಿಲ್ಲವೇ ಎಂದು ಕೇಳಬಹುದು. ಖಂಡಿತ ಇದ್ದಾರೆ, ತಮ್ಮನ ಬಡತನ ಕಂಡು ಮನಸಾರೆ ಬಿಟ್ಟವರಿದ್ದಾರೆ. ಆ ಔದಾರ್ಯಕ್ಕೆ ಗೌರವ ಸಲ್ಲಬೇಕಾದರೂ ಅದನ್ನು ಒತ್ತಾಯದಿಂದ ಬೇರ್ಪಡಿಸಿ ನೋಡುವ ದಾರಿ ಬೇಕಲ್ಲವೇ? ಮೋಸದಿಂದ ಪಡೆದ ಪತ್ರ ರದ್ದಾಗಲು ಅದು ತಿಳಿದ ಮೂರು ವರ್ಷದೊಳಗೆ ದಾವೆ ಹೂಡಬೇಕು. ತವರನ್ನು ಎದುರು ಹಾಕಿಕೊಂಡು ಹಾಗೆ ಹೂಡುವವರು ಎಷ್ಟು ಮಂದಿ!

ಗಂಡ ಸ್ವಂತ ದುಡಿಮೆಯಿಂದ ಕೊಂಡ ಮನೆಯನ್ನು ಮಾರಲು ಹೆಂಡತಿಯನ್ನು ಕೇಳಬೇಕೆಂಬ ಕಾನೂನು ಕರ್ನಾಟಕದಲ್ಲಿ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ, ಹಿಂಸೆ ನಡೆದಿದ್ದರೆ, ಮನೆ ಮಾರದಂತೆ ಅವಳು ಆದೇಶ ತರಬಹುದು, ಅಷ್ಟೇ. ಕಾರವಾರದಾಚೆ ಮಾಜಾಳಿಯ ಗಡಿ ದಾಟಿ ಗೋವೆಗೆ ಕಾಲಿಟ್ಟರೆ ಮಾತು ಬೇರೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಕುಟುಂಬ ನಿಯಮಗಳು ಅಲ್ಲಿ ಇಂದಿಗೂ ಉಳಿದಿದ್ದು, ಸ್ಥಿರಾಸ್ತಿ ಮಾರಲು ಗಂಡಹೆಂಡಿರಿಬ್ಬರ ಸಮ್ಮತಿ ಬೇಕು. ಇದರಿಂದ ಗೋವೆಯ ಭೂಮಿ ವ್ಯವಹಾರ ನಿಂತುಹೋಗಿಲ್ಲ. ಹೆಂಡತಿಯ ಒಪ್ಪಿಗೆ ಕೇಳಿದರೆ ಮಾರುಕಟ್ಟೆ ಕುಸಿಯುತ್ತದೆಂಬ ಭಯಕ್ಕೆ ಇಷ್ಟು ಹತ್ತಿರದಲ್ಲೇ ಉತ್ತರವಿದೆ.

ಒಪ್ಪಿಗೆ ಇದ್ದರೂ ಸಾಲದು ಎಂದು ಕಾನೂನು ಹೇಳಿದ ಸಂದರ್ಭವೂ ಕರ್ನಾಟಕದಲ್ಲಿದೆ. ದೇವರಾಜ ಅರಸರ ಕಾಲದ, 1979ರ ಜನವರಿ 1ರಿಂದ ಜಾರಿಯಾದ ಪಿಟಿಸಿಎಲ್ ಕಾಯಿದೆ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವುದನ್ನು ನಿಷೇಧಿಸಿತು. ಷರತ್ತು ಮೀರಿ ಆದ ಹಳೆಯ ಮಾರಾಟಗಳನ್ನೂ ರದ್ದುಗೊಳಿಸಿ ಜಮೀನು ಮರಳಿಸಲು ಅವಕಾಶ ಕೊಟ್ಟಿತು. ಸುಪ್ರೀಂ ಕೋರ್ಟ್ 1984ರಲ್ಲಿ ಅದನ್ನು ಎತ್ತಿಹಿಡಿಯಿತು. ವಿಳಂಬದ ಅರ್ಜಿಗಳಿಗೆ ಅದೇ ಕೋರ್ಟ್ 2017ರಲ್ಲಿ ಹಾಕಿದ ತಡೆಯನ್ನು ತೆಗೆಯಲು ವಿಧಾನಮಂಡಲ 2023ರಲ್ಲಿ ತಿದ್ದುಪಡಿ ಮಾಡಿತು. ಒಡೆಯನಿಗೆ ತನ್ನ ಭೂಮಿ ಮಾರುವ ಸ್ವಾತಂತ್ರ್ಯ ಬೇಡವೇ, ದಲಿತನನ್ನು ಮೈನರಿನಂತೆ ನಡೆಸಿಕೊಳ್ಳುವುದು ಸರಿಯೇ ಎಂಬ ಟೀಕೆಯಲ್ಲಿ ಸತ್ವವಿದೆ. ಆದರೆ ಹಸಿದ ಮನೆಯಿಂದ, ಸಾಲ ಕೊಟ್ಟವನೇ ಕೊಳ್ಳುವವನಾಗಿ ನಿಂತಾಗ ಹೊರಬಿದ್ದ ಒಪ್ಪಿಗೆಯನ್ನು ಸ್ವತಂತ್ರವೆಂದು ಕರೆಯಲಾಗದು. ಕಾಯಿದೆ ಗುರುತಿಸಿದ್ದು ಈ ಸತ್ಯವನ್ನು. ನನ್ನ ತಕರಾರು ಬೇರೆ ಕಡೆ ಇದೆ. ಅನುಮತಿ ಕೊಡುವುದೂ ನಿರಾಕರಿಸುವುದೂ ಕಡತದ ಒಳಗೇ ನಡೆಯುತ್ತದೆ. ಅದೇ ಅರ್ಜಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಮಾರುವವನ ಸಂಕಟ, ಕೊಳ್ಳುವವನ ಹೆಸರು ಎರಡೂ ಕೇರಿಯ ಜನಕ್ಕೆ ತಿಳಿಯುತ್ತವೆ.

ಸರ್ಕಾರವೇ ಕೊಳ್ಳುವವನಾದಾಗ ಒಪ್ಪಿಗೆ ಪೂರ್ತಿ ಮಾಯವಾಗುತ್ತದೆ. 1894ರ ಭೂಸ್ವಾಧೀನ ಕಾಯಿದೆಯಲ್ಲಿ ಒಡೆಯನ ಸಮ್ಮತಿಗೆ ಜಾಗವಿರಲಿಲ್ಲ. ಆಕ್ಷೇಪಣೆ ಹೇಳಿಕೊಳ್ಳುವ ಅವಕಾಶ ಬಂದದ್ದೂ 1923ರಲ್ಲಿ. 2013ರ ಕಾಯಿದೆ ಖಾಸಗಿ ಕಂಪನಿಗಾಗಿ ಸ್ವಾಧೀನವಾದರೆ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟು, ಸರ್ಕಾರಿ-ಖಾಸಗಿ ಸಹಭಾಗಿತ್ವವಾದರೆ ಅವರಲ್ಲಿ ಶೇ 70ರಷ್ಟು ಒಪ್ಪಿಗೆ ಬೇಕೆಂದಿತು. ಆದರೆ ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ಹೋಗುವುದು ಬಹುತೇಕ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ದಾರಿಯಲ್ಲಿ, ಆ ದಾರಿಯಲ್ಲಿ ಇಂಥ ಷರತ್ತಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ 1,777 ಎಕರೆಗೆ ನೋಟಿಸು ಬಂದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟು, ಮನಸ್ಸಿದ್ದವರು ಕೊಟ್ಟರೆ ಮಾತ್ರ ಕೊಳ್ಳುವುದಾಗಿ ಹೇಳಿತು. ಮೊದಲೇ ಕೇಳಬೇಕಿದ್ದ ಪ್ರಶ್ನೆಗೆ ಉತ್ತರ ಪಡೆಯಲು ಮೂರು ವರ್ಷ ಹಿಡಿಯಿತು. ಹಾಗಾದರೆ 1974ರ ಭೂಸುಧಾರಣೆ ಜಮೀನ್ದಾರನ ಒಪ್ಪಿಗೆ ಕೇಳಿತ್ತೇ ಎಂದು ಯಾರಾದರೂ ಕೇಳಿದರೆ, ಇಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಅಲ್ಲಿ ಭೂಮಿ ಉಳುವವನ ಕೈ ಸೇರಿತು, ಇಲ್ಲಿ ಉಳುವವನ ಕೈಯಿಂದ ಹೊರಟಿತ್ತು. ಗೇಣಿದಾರನ ಅರ್ಜಿಯ ವಿಚಾರಣೆ ಭೂನ್ಯಾಯ ಮಂಡಳಿಯೆದುರು ಎರಡೂ ಕಡೆಯವರ ಸಮ್ಮುಖದಲ್ಲಿ ನಡೆಯುತ್ತಿತ್ತು ಎಂಬುದನ್ನೂ ಮರೆಯಬಾರದು.

ವಿಜ್ಞಾನೇಶ್ವರ ಹೇಳಿದ ಬೆಳಕು ಪೂರ್ತಿ ಆರಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಲ್ಲಿ, ಹಕ್ಕು ಬದಲಾವಣೆಯ ನಮೂದನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸಬೇಕು ಎಂಬ ನಿಯಮವಿದೆ. ಊರೊಪ್ಪಿಗೆಯ ಕೊನೆಯ ಕುಡಿ ಇದು. ಆಕ್ಷೇಪಣೆಗೆ ಒಮ್ಮೆ 30 ದಿನಗಳ ಕಾಲಾವಕಾಶವಿತ್ತು. ನೋಂದಾಯಿತ ವ್ಯವಹಾರಗಳಿಗೆ ಅದನ್ನು 2023ರಲ್ಲಿ 7 ದಿನಕ್ಕೆ ಇಳಿಸಲಾಯಿತು. ಖಾತೆಗಾಗಿ ತಿಂಗಳುಗಟ್ಟಲೆ ಅಲೆಯುವ ರೈತನಿಗೆ, ಲಂಚದ ಹಾದಿ ಮುಚ್ಚಲು ಇದು ಬೇಕಿತ್ತು ಎಂಬ ಸಮರ್ಥನೆ ನಿಜವಾದದ್ದೇ. ಪೂರ್ತಿ ಹಣ ತೆತ್ತು ನಿವೇಶನ ಕೊಂಡವನ ಖಾತೆಗೆ ಏಳು ದಿನ ಧಾರಾಳ ಸಾಕು. ಆದರೆ ಪಿತ್ರಾರ್ಜಿತ ಜಮೀನಿನ ಪಾಲು ಮತ್ತು ಹಕ್ಕು ಬಿಡುಗಡೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು. ಹೊರಊರಿನಲ್ಲಿ ಸಂಸಾರ ಮಾಡುವ ಮಗಳಿಗೆ ಚಾವಡಿಯ ಗೋಡೆಯ ಸುದ್ದಿ ಏಳು ದಿನದಲ್ಲಿ ತಲುಪುವುದಿಲ್ಲ. ಕುಟುಂಬದ ಆಸ್ತಿಗೆ 30 ದಿನ ಮರಳಿ ಬರಬೇಕು, ಗ್ರಾಮಸಭೆಯಲ್ಲಿ ಅಂಥ ಪತ್ರಗಳ ಪಟ್ಟಿ ಓದಬೇಕು, ಉಪನೋಂದಣಾಧಿಕಾರಿ ಹಕ್ಕು ಬಿಡುವವಳನ್ನು ಒಬ್ಬಳನ್ನೇ ಕೂರಿಸಿ ಅವಳ ಪಾಲನ್ನೂ ಬೆಲೆಯನ್ನೂ ಓದಿ ಹೇಳಬೇಕು. ಸರ್ಕಾರ ಅದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಅಕ್ಕತಂಗಿಯರ ರುಜು ಬೇಕಾದಾಗ, ಪತ್ರದ ಕರಡು, ಜಮೀನಿನ ಇಂದಿನ ಬೆಲೆ, ಅವರ ಪಾಲಿನ ಲೆಕ್ಕ ಈ ಮೂರನ್ನೂ ನೋಂದಣಿಗೆ ಒಂದು ತಿಂಗಳು ಮೊದಲೇ ಅವರ ಕೈಗೆ ಕೊಡಿ, ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ.